ಅಪಲೇಚಿಯನ್ ಬೆಟ್ಟಗಳ ಪಿಟೀಲುಗಾರರು

(ಶತಮಾನೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಶಾಲಾ ಸಭಾಂಗಣದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಮಾಲಿಕೆಯಲ್ಲಿ ಇದುವರೆಗೆ ಮಾತಾಡಿದವರು ಶಾಲೆಯ ಸ್ಥಾಪಕರನ್ನು ನೆನೆದಿದ್ದಾರೆ. ಗಡಿನಾಡಿನ ಕನ್ನಡದ ಅಳಲನ್ನು ತೋಡಿಕೊಂಡಿದ್ದಾರೆ. ನಮ್ಮ ಪಾಲಿಗೆ ಬಂದ ಒಂದು ಗಂಟೆಯನ್ನು ಅಮೆರಿಕದ ಬೆಟ್ಟಸೀಮೆಯ ಕೆಲವು ಮುದುಕರಿಗಾಗಿ ವಿನಿಯೋಗಿಸುತ್ತೇವೆಂದು ತಿಳಿಸಿದಾಗ ಸಮಿತಿಯ ಹಿರಿಯರೊಬ್ಬರು, "ಟೀಚರೇ, ಕಾಸರಗೋಡಿಗೂ ಆ ಗುಡ್ಡೆಗಳಿಗೂ ಎಂಥ ಸಂಬಂಧ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ರಕ್ತದ ಸಂಬಂಧವಿಲ್ಲ, ಭಾಷೆಯ ಸಂಬಂಧವಿಲ್ಲ. ಇರುವುದು ಒಂದು ವಾದ್ಯದ ಸಂಬಂಧ. ಅವರು ಫಿಡಲ್ ಎನ್ನುವುದನ್ನೇ ನಾವು ಪಿಟೀಲು ಎನ್ನುತ್ತೇವೆ. ಆ ಪದವೇ ನಮ್ಮ ನಾಲಗೆಯಲ್ಲಿ ತಿರುಗಿ ಹೀಗಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಚೌಡಯ್ಯನವರ ಹೆಸರಿನ ಮುಂದಂತೂ ಪಿಟೀಲು ಎಂಬುದು ಮನೆತನದ ಹೆಸರಿನಂತೆ ನಿಂತುಬಿಟ್ಟಿತು.

ಇನ್ನೊಂದು ಕುತೂಹಲದ ಸಂಗತಿಯನ್ನೂ ಹೇಳಿಬಿಡುತ್ತೇವೆ. ಆ ಬೆಟ್ಟದ ಹಳಬರಲ್ಲಿ ಅನೇಕರು ಪಿಟೀಲನ್ನು ಗಲ್ಲದಡಿಯಲ್ಲಿ ಒತ್ತಿಹಿಡಿಯದೆ ಎದೆಗೋ ತೋಳಿಗೋ ಆನಿಸಿಕೊಂಡು, ಕುರ್ಚಿಯಲ್ಲಿ ಕುಳಿತು ನುಡಿಸುತ್ತಿದ್ದರು. ನುಡಿಸುವ ಮಟ್ಟು ಬದಲಾದಂತೆ ತಂತಿಗಳ ಶ್ರುತಿಯನ್ನೂ ಬದಲಿಸಿಕೊಳ್ಳುತ್ತಿದ್ದರು. ಆ ಶ್ರುತಿಕ್ರಮಗಳಲ್ಲಿ ಎ–ಇ–ಎ–ಇ ಎಂಬುದು ಬಹು ಬಳಕೆಯದು. ಸಂಗೀತ ಕಲಿತ ನಮ್ಮ ಮಕ್ಕಳಿಗೆ ಹೇಳುವುದಾದರೆ ಅದು ಸ–ಪ–ಸ–ಪ. ನಮ್ಮ ವಿದ್ವಾಂಸರ ಪಿಟೀಲಿನದೂ ಅದೇ ಕ್ರಮ. ಅವರು ನಮ್ಮಿಂದಲೋ ನಾವು ಅವರಿಂದಲೋ ಕಲಿತದ್ದಲ್ಲ. ಆಧಾರಶ್ರುತಿ ಕಿವಿಯಲ್ಲಿ ನಿಂತಿರಬೇಕೆಂಬ ಆಸೆ ಇಬ್ಬರಿಗೂ ಇತ್ತೆಂದು ಕಾಣುತ್ತದೆ. ಎರಡು ವರ್ಷಗಳ ಹಿಂದೆ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಅಮೆರಿಕದಿಂದ ಬಂದವರು ಶಾಲೆಯ ಕಂಪ್ಯೂಟರಿನಲ್ಲಿ ಒಬ್ಬ ಮುದುಕರ ಪಿಟೀಲನ್ನು ಕೇಳಿಸಿದಾಗ ನಮ್ಮ ಗಮನ ಸೆಳೆದದ್ದು ಈ ಶ್ರುತಿಯೇ. ಆ ಮುದುಕರ ಹೆಸರು ಹೆನ್ರಿ ರೀಡ್. ಅವರ ಕಥೆಗೆ ಬರುವ ಮೊದಲು ನಾಡಿನ ಪರಿಚಯ ಸ್ವಲ್ಪ ಆಗಬೇಕು.

ಅಪಲೇಚಿಯನ್ ಪರ್ವತಶ್ರೇಣಿ ಕೆನಡಾದಿಂದ ಅಮೆರಿಕದ ಅಲಬಾಮಾದವರೆಗೆ ಚಾಚಿಕೊಂಡಿದೆ. ನಾವು ಹೇಳುತ್ತಿರುವುದು ಅದರ ದಕ್ಷಿಣ ಭಾಗದ ಮಾತು: ವೆಸ್ಟ್ ವರ್ಜೀನಿಯಾ, ಪೂರ್ವ ಕೆಂಟಕಿ, ವರ್ಜೀನಿಯಾ, ಉತ್ತರ ಕ್ಯಾರೊಲಿನಾ, ಟೆನ್ನೆಸಿಗಳ ಬೆಟ್ಟಗಳು. ಮೊದಲು ಅಲ್ಲಿದ್ದವರು ಚೆರೋಕಿ ಮೊದಲಾದ ಮೂಲನಿವಾಸಿಗಳು. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರಭಾಗ, ಸ್ಕಾಟ್ಲೆಂಡ್, ಇಂಗ್ಲೆಂಡ್, ಜರ್ಮನಿಗಳಿಂದ ಬಂದ ಒಕ್ಕಲುಗಳು ಕಣಿವೆ ಕಣಿವೆಗಳಲ್ಲಿ ನೆಲೆಯೂರಿದರು. ಗುಲಾಮರಾಗಿ ತರಲ್ಪಟ್ಟ ಆಫ್ರಿಕದ ಜನರೂ ಅಲ್ಲಿ ಇದ್ದರು. ಇಂದು ಬೆಟ್ಟದ ಬಿಳಿಯರ ವಾದ್ಯವೆಂದೇ ಹೊರಗಿನವರು ತಿಳಿದಿರುವ ಬ್ಯಾಂಜೋ ಆಫ್ರಿಕದ ಮೂಲದ್ದು. ಜೋಳದ ತೆನೆ ಸುಲಿಯುವ ದಿನ, ಮನೆ ಕಟ್ಟುವ ದಿನ, ಮದುವೆಯ ದಿನ, ದುಡಿಮೆ ಮುಗಿದ ರಾತ್ರಿ ಕುಣಿತವಿರುತ್ತಿತ್ತು. ಕುಣಿತಕ್ಕೆ ಒಂದು ಪಿಟೀಲು ಇದ್ದರೆ ಸಾಕಾಗುತ್ತಿತ್ತು. ಕಟ್ಟುನಿಟ್ಟಿನ ಚರ್ಚಿನವರು ಅದನ್ನು ಸೈತಾನನ ಪೆಟ್ಟಿಗೆಯೆಂದು ಬಯ್ಯುತ್ತಿದ್ದರು.

ಮಟ್ಟುಗಳ ರಚನೆ ಸರಳ. ಎರಡು ಖಂಡ, ಒಂದೊಂದನ್ನೂ ಎರಡೆರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರುವುದು. ಕೆಳಗಿನ ತಂತಿಗಳಲ್ಲಿ ನುಡಿಯುವ ಖಂಡವನ್ನು 'ದಪ್ಪ'ವೆಂದೂ ಮೇಲಿನ ತಂತಿಗಳದನ್ನು 'ನಯ'ವೆಂದೂ ಕರೆಯುವ ವಾಡಿಕೆ. ಕೆಲವು ಮಟ್ಟುಗಳಲ್ಲಿ ನಡುವೆ ಒಂದು ಹೆಜ್ಜೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದು ಲೆಕ್ಕ ತಪ್ಪಿಸುವುದುಂಟು. ಅವುಗಳಿಗೆ 'ಸೊಟ್ಟ ಮಟ್ಟು' ಎಂದು ಹೆಸರು. ಇವಾವುವನ್ನೂ ಅವರು ಬರೆದಿಟ್ಟುಕೊಂಡವರಲ್ಲ. ಅಪ್ಪನಿಂದ ಮಗ, ನೆರೆಯ ಮುದುಕನಿಂದ ಹುಡುಗ, ಕೇಳಿ ಕೇಳಿ ಕಲಿತದ್ದು. ಮಟ್ಟಿನ ಜೊತೆಗೆ ಒಂದು ಕಥೆಯೂ ಬರುತ್ತಿತ್ತು. ವೆಸ್ಟ್ ವರ್ಜೀನಿಯಾದ ಕಾರ್ಪೆಂಟರ್ ಮನೆತನದಲ್ಲಿ 'ಕ್ಯಾಂಪ್ ಚೇಸ್' ಎಂಬ ಮಟ್ಟು ಇದೆ. ಅಂತರ್ಯುದ್ಧದ ಕಾಲದಲ್ಲಿ ಒಹಾಯೋದ ಆ ಹೆಸರಿನ ಸೆರೆಶಿಬಿರದಲ್ಲಿದ್ದ ಮನೆತನದ ಹಿರಿಯರೊಬ್ಬರು ಪಿಟೀಲಿನ ಸ್ಪರ್ಧೆಯಲ್ಲಿ ಇದನ್ನು ನುಡಿಸಿ ಗೆದ್ದು ಬಿಡುಗಡೆ ಪಡೆದರಂತೆ. ನಿಜವೋ ಸುಳ್ಳೋ, ಮಟ್ಟನ್ನು ಕಲಿತವನು ಕಥೆಯನ್ನೂ ಕಲಿಯಲೇಬೇಕು.

1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಈ ಸೀಮೆಗೆ ಬಂದವು, ರೇಡಿಯೋ ಬಂದಿತು. ಕೆಲವರಿಗೆ ಹೆಸರು ಬಂದಿತು. ಬಹುಪಾಲು ಜನ ಕಲ್ಲಿದ್ದಲ ಗಣಿಗೋ ರೈಲುಹಾದಿಗೋ ಹೊಲಕ್ಕೋ ಹೋಗಿ ಸಂಜೆ ಮನೆಯ ಜಗಲಿಯಲ್ಲಿ ನುಡಿಸುತ್ತ ಉಳಿದರು. ಅವರ ಮಕ್ಕಳಿಗೆ ರೇಡಿಯೋದ ಹೊಸ ಸಂಗೀತ ಹಿತವಾಯಿತು. ಆ ಮಕ್ಕಳನ್ನು ದೂಷಿಸುವ ಅಧಿಕಾರ ನಮಗಿಲ್ಲ; ನಾವೂ ಚಿಕ್ಕಂದಿನಲ್ಲಿ ಅಜ್ಜಿ ಶೋಭಾನೆ ಹಾಡುವಾಗ ಎದ್ದುಹೋಗಿ ಚಿತ್ರಗೀತೆ ಕೇಳಿದವರೇ.

ಹೆನ್ರಿ ರೀಡ್ 1884ರಲ್ಲಿ ವೆಸ್ಟ್ ವರ್ಜೀನಿಯಾದ ಮನ್ರೋ ಕೌಂಟಿಯಲ್ಲಿ ಹುಟ್ಟಿದರು. ಕೊನೆಗಾಲದಲ್ಲಿ ಇದ್ದದ್ದು ಗಡಿಯಾಚೆ, ವರ್ಜೀನಿಯಾದ ಗ್ಲೆನ್ ಲಿನ್ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಅವರಿಗೆ ದೊರೆತ ಗುರು ಕ್ವಿನ್ಸ್ ಡಿಲಿಯನ್ ಎಂಬ ವೃದ್ಧರು. ಡಿಲಿಯನ್ ಮೆಕ್ಸಿಕೋ ಯುದ್ಧದಲ್ಲಿಯೂ ಅಂತರ್ಯುದ್ಧದಲ್ಲಿಯೂ ಸೈನ್ಯದ ಕೊಳಲು ನುಡಿಸಿದವರು. ಮೆಕ್ಸಿಕೋ ಯುದ್ಧ ಆರಂಭವಾದದ್ದು 1846ರಲ್ಲಿ. ರೀಡರ ಮನೆಬಾಗಿಲಿಗೆ ಧ್ವನಿಮುದ್ರಣ ಯಂತ್ರ ಬಂದದ್ದು 1966ರಲ್ಲಿ. ನೂರಿಪ್ಪತ್ತು ವರ್ಷಗಳ ನಡುವೆ ಇಬ್ಬರೇ ಮನುಷ್ಯರು. ನಡುವಿನ ಆ ಹುಡುಗ ಮುದುಕರ ಬಳಿಗೆ ಹೋಗದೆ ಇದ್ದಿದ್ದರೆ ದಾರ ಅಲ್ಲಿಗೇ ಕಡಿದುಹೋಗುತ್ತಿತ್ತು.

ಯಂತ್ರ ತೆಗೆದುಕೊಂಡು ಹೋದವರು ಅಲನ್ ಜಬೂರ್. ಆಗ ಅವರು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುತ್ತಿದ್ದ ತರುಣ. ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲು ಕಲಿತವರು. ರೀಡರಿಗೆ ಆಗಲೇ ಎಂಬತ್ತೆರಡು. ಜಬೂರರು 1966–67ರಲ್ಲಿ ಮತ್ತೆ ಮತ್ತೆ ಹೋಗಿ ಮುದ್ರಿಸಿಕೊಂಡರು. 1968ರಲ್ಲಿ ರೀಡ್ ತೀರಿಕೊಂಡರು. ಎರಡು ವರ್ಷ ತಡವಾಗಿದ್ದರೆ ಜಬೂರರಿಗೆ ಸಿಗುತ್ತಿದ್ದುದು ಒಂದು ಸಮಾಧಿ ಮಾತ್ರ. ಇಂದು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೀಡರ 184 ಧ್ವನಿಮುದ್ರಣಗಳಿವೆ. ಯಾರು ಬೇಕಾದರೂ ಹಣ ಕೊಡದೆ ಕೇಳಬಹುದು. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ನಾವು ಕೇಳಿದ್ದೂ ಅದನ್ನೇ.

ಆದರೆ ಜಬೂರರ ಕೆಲಸದಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಮುದ್ರಣವಲ್ಲ. ಅವರು ಆ ಮಟ್ಟುಗಳನ್ನು ತಾವೇ ಕಲಿತರು. ಶಾಸ್ತ್ರೀಯವಾಗಿ ಪಳಗಿದ ಕೈಯನ್ನು ಮರಳಿ ಪಳಗಿಸಿ, ಮುದುಕರ ಕಮಾನಿನ ಚಲನೆಯನ್ನು ನೋಡಿ ನೋಡಿ ಅನುಸರಿಸಿದರು. ಗೆಳೆಯರೊಡನೆ ಹಾಲೋ ರಾಕ್ ಸ್ಟ್ರಿಂಗ್ ಬ್ಯಾಂಡ್ ಎಂಬ ತಂಡದಲ್ಲಿ ನುಡಿಸಿದರು, ಕೇಳಿದವರಿಗೆ ಕಲಿಸಿದರು, ಪ್ರತಿ ಸಲವೂ ಇದು ಹೆನ್ರಿ ರೀಡರದು ಎಂದರು. 'ಓವರ್ ದ ವಾಟರ್‌ಫಾಲ್' ಎಂಬ ಮಟ್ಟು ಹೀಗೆ ಗ್ಲೆನ್ ಲಿನ್‌ನ ಒಂದು ಮನೆಯಿಂದ ಹೊರಟು, ಇಂದು ಈ ಬಗೆಯ ಸಂಗೀತ ಕಲಿಯುವವರು ಮೊದಮೊದಲಿಗೇ ಕಲಿಯುವ ಮಟ್ಟುಗಳಲ್ಲಿ ಒಂದಾಗಿದೆ. ಜಬೂರರು ಮುಂದೆ ಆ ಗ್ರಂಥಾಲಯದ ಜಾನಪದ ಕೇಂದ್ರಕ್ಕೇ ಮೊದಲ ನಿರ್ದೇಶಕರಾದರು. ಅಧಿಕಾರಿಯಾದ ಮೇಲೂ ಪಿಟೀಲು ಕೆಳಗಿಡಲಿಲ್ಲ.

ಹೆಸರು ಹೇಳದಿದ್ದರೆ ಏನಾಗುತ್ತದೆಂಬುದಕ್ಕೂ ಒಂದು ಕಥೆಯಿದೆ. ಕೆಂಟಕಿಯ ಸೇಲಿಯರ್ಸ್‌ವಿಲ್ ಎಂಬ ಊರಿನಲ್ಲಿ ವಿಲಿಯಂ ಸ್ಟೆಪ್ ಎಂಬ ಪಿಟೀಲುಗಾರರಿದ್ದರು. 1937ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಅವರ ಪತ್ನಿ ಎಲಿಜಬೆತ್ ಅಲ್ಲಿಗೆ ಹೋಗಿ ಅವರ 'ಬೋನಪಾರ್ಟ್ಸ್ ರಿಟ್ರೀಟ್' ಎಂಬ ಮಟ್ಟನ್ನು ಮುದ್ರಿಸಿಕೊಂಡರು. ನೆಪೋಲಿಯನ್ ಸೋತು ಹಿಂತೆಗೆದ ನೆನಪಿನ ಈ ಮಟ್ಟನ್ನು ಬೆಟ್ಟದ ಬೇರೆಯವರು ನಿಧಾನವಾಗಿ, ದಂಡಿನ ನಡಿಗೆಯಂತೆ ನುಡಿಸುತ್ತಿದ್ದರು. ಸ್ಟೆಪ್ ಮಾತ್ರ ನಾಗಾಲೋಟದಲ್ಲಿ ನುಡಿಸಿದರು. ರೂತ್ ಕ್ರಾಫರ್ಡ್ ಸೀಗರ್ ಎಂಬ ಸಂಗೀತಜ್ಞೆ ಆ ಮುದ್ರಿಕೆಯನ್ನು ತಿರುಗಿಸಿ ತಿರುಗಿಸಿ ಕೇಳಿ ಸ್ವರಲಿಪಿಗಿಳಿಸಿದರು. 1941ರಲ್ಲಿ ಅದು ಪುಸ್ತಕದಲ್ಲಿ ಅಚ್ಚಾಯಿತು. ಮರುವರ್ಷ ಆರನ್ ಕೋಪ್ಲಂಡ್ ಎಂಬ ಪ್ರಸಿದ್ಧ ಸಂಗೀತ ರಚನಕಾರರು 'ರೋಡಿಯೋ' ಎಂಬ ನೃತ್ಯರೂಪಕಕ್ಕೆ ಸಂಗೀತ ಕೂಡಿಸುವಾಗ ಅದನ್ನು ಹೆಚ್ಚುಕಡಿಮೆ ಇದ್ದಂತೆಯೇ ಎತ್ತಿಕೊಂಡರು. ವಾದ್ಯಮೇಳಗಳು ಅದನ್ನು ಲೋಕವೆಲ್ಲ ನುಡಿಸಿದವು. ದೂರದರ್ಶನದ ಒಂದು ಜಾಹೀರಾತಿಗೂ ಅದು ಹಿನ್ನೆಲೆಯಾಯಿತು. ಕೇಳಿದವರಿಗೆಲ್ಲ ಅದು ಕೋಪ್ಲಂಡರ ಸಂಗೀತ. ಆ ನಾಗಾಲೋಟ ಸೇಲಿಯರ್ಸ್‌ವಿಲ್‌ನ ಒಬ್ಬ ಮನುಷ್ಯನ ಬಲಗೈಯಲ್ಲಿ ಹುಟ್ಟಿದ್ದೆಂದು ಬಲ್ಲವರು ಬೆರಳೆಣಿಕೆಯಷ್ಟು. ಸ್ಟೆಪ್ 1957ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಸಂಶೋಧಕರು ಮತ್ತೆ ಮುಂದಕ್ಕೆ ತಂದದ್ದು ಬಹಳ ಕಾಲದ ಮೇಲೆ. ಇಲ್ಲಿ ಕಳ್ಳತನವೆಂಬ ಮಾತನ್ನು ನಾವು ಬಳಸುವುದಿಲ್ಲ. ಪುಸ್ತಕ ಎಲ್ಲರ ಕೈಗೂ ಸಿಗುವಂತಿತ್ತು. ಜಾನಪದವೆಂದರೆ ಯಾರದೂ ಅಲ್ಲ ಎಂಬ ಭಾವನೆ ಓದಿದವರ ತಲೆಯಲ್ಲಿ ಇತ್ತು, ಈಗಲೂ ಇದೆ. ಅದು ಯಾರದೂ ಅಲ್ಲದ್ದಲ್ಲ. ಅನೇಕರದು, ಆ ಅನೇಕರಿಗೆ ಒಬ್ಬೊಬ್ಬರಿಗೂ ಹೆಸರಿದೆ.

ಬ್ಯಾಂಜೋದ ಮಾತು ಆಗಲೇ ಬಂದಿತಲ್ಲ, ಹೆಸರು ಮರೆತದ್ದರಲ್ಲಿ ಕಪ್ಪು ಜನರ ಪಾಲು ಇನ್ನೂ ದೊಡ್ಡದು. ಬೆಟ್ಟದ ಪಿಟೀಲಿನ ಜೀವವಿರುವುದು ಕಮಾನಿನಲ್ಲಿ. ತಾಳದ ಘಾತವನ್ನು ಹಿಂದು ಮುಂದಾಗಿ ತೂಗಿಸುವ ಆ ಬಗೆಯಲ್ಲಿ ಆಫ್ರಿಕನ್ ಅಮೆರಿಕನ್ ವಾದಕರ ಕೊಡುಗೆ ದೊಡ್ಡದೆಂದು ಜಬೂರರೇ ವಾದಿಸಿದ್ದಾರೆ. ಆದರೂ ಸಂಗ್ರಾಹಕರು ಯಂತ್ರ ಹೊತ್ತುಕೊಂಡು ಹೋದಾಗ ಅವರ ಮನೆಗಳನ್ನು ದಾಟಿ ಮುಂದೆ ಹೋದದ್ದೇ ಹೆಚ್ಚು. ಬೆಟ್ಟದ ತಪ್ಪಲಿನಾಚೆ, ಉತ್ತರ ಕ್ಯಾರೊಲಿನಾದ ಮೀಬನ್ ಊರಿನಲ್ಲಿದ್ದ ಜೋ ಥಾಂಪ್ಸನ್ ಎಂಬ ಕಪ್ಪು ಪಿಟೀಲುಗಾರರ ಬಳಿಗೆ 2005ರ ಸುಮಾರಿಗೆ ಮೂವರು ಕಪ್ಪು ತರುಣ ತರುಣಿಯರು ವಾರವಾರ ಹೋಗಿ ಕುಳಿತು ಕಲಿತರು. ಅವರಲ್ಲೊಬ್ಬರು ಇಂದು ಬಹು ಪ್ರಸಿದ್ಧರಾಗಿರುವ ರಿಯಾನನ್ ಗಿಡೆನ್ಸ್. ಥಾಂಪ್ಸನ್ 2012ರಲ್ಲಿ ತೊಂಬತ್ತು ದಾಟಿ ತೀರಿಕೊಂಡರು. ಗಿಡೆನ್ಸ್ ಎಲ್ಲಿ ಹೋದರೂ ಗುರುವಿನ ಹೆಸರು ಹೇಳುತ್ತಾರೆ.

ಎಡ್ ಹೇಲಿಯವರ ಕಥೆ ನಮ್ಮನ್ನು ನಿದ್ದೆಗೆಡಿಸಿದ ಕಥೆ. 1885ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದ ಇವರಿಗೆ ಎಳವೆಯಲ್ಲೇ ಕಣ್ಣು ಹೋಯಿತು. ತಂದೆ ಆ ಸೀಮೆಯ ಕುಲವೈರವೊಂದರಲ್ಲಿ ಕೊಲೆಯಾದರು. ಹೇಲಿ ಪಿಟೀಲು ಹಿಡಿದು ಊರೂರು ತಿರುಗಿ, ನ್ಯಾಯಾಲಯದ ಅಂಗಳದಲ್ಲಿ, ಸಂತೆಯಲ್ಲಿ, ಬೀದಿಯಲ್ಲಿ ನುಡಿಸಿ ಸಂಸಾರ ಸಾಕಿದರು. ಪತ್ನಿ ಎಲ್ಲಾ ಅವರಿಗೂ ಕಣ್ಣಿರಲಿಲ್ಲ. ಅವರು ಮ್ಯಾಂಡೊಲಿನ್ ಹಿಡಿದು ಜೊತೆಗೆ ಕೂಡುತ್ತಿದ್ದರು. ಕೇಳಿದ ಪಿಟೀಲುಗಾರರೆಲ್ಲ ಇವರಂಥವರಿಲ್ಲ ಎಂದರು. ಗ್ರಾಮಫೋನ್ ಕಂಪನಿಗಳಿಗೆ ಮಾತ್ರ ಹೇಲಿ ನುಡಿಸಲಿಲ್ಲ. ಕುರುಡನನ್ನು ಮೋಸಮಾಡಿಯಾರೆಂಬ ಅಂಜಿಕೆ ಅವರಿಗಿತ್ತಂತೆ. ಕೊನೆಗೆ 1946ರ ಸುಮಾರಿನಲ್ಲಿ ಮಗ ರಾಲ್ಫ್ ಮನೆಯಲ್ಲೇ ಪ್ಲೇಟು ಕೊರೆಯುವ ಯಂತ್ರವಿಟ್ಟು ತಂದೆತಾಯಿಯರ ವಾದನವನ್ನು ಮುದ್ರಿಸಿದರು. ಆ ಪ್ಲೇಟುಗಳು ಮುಂದೆ ಒಡಹುಟ್ಟಿದವರಲ್ಲಿ ಪಾಲಾದವು. ಪಾತ್ರೆ ಪಗಡೆ ಪಾಲಾದಂತೆ! ಬಹಳಷ್ಟು ಎಲ್ಲಿ ಹೋದವೋ. ಉಳಿದವು ಒಂದು ಭಾಗ ಮಾತ್ರ. ಅವೂ ಸವೆದು ಕರಕರ ಎನ್ನುತ್ತವೆ. ಹೇಲಿ 1951ರಲ್ಲಿ ತೀರಿಕೊಂಡ ಮೇಲೆ, 1976ರಲ್ಲಿ ಮೊದಲ ಸಲ ಅವುಗಳಿಂದ ಆಯ್ದ ಒಂದು ಮುದ್ರಿಕೆ ಹೊರಬಂದಿತು. ಆಮೇಲೆ ಜಾನ್ ಹಾರ್ಟ್‌ಫರ್ಡ್ ಎಂಬ ಹೆಸರಾಂತ ಗಾಯಕರು ತಮ್ಮ ಜೀವಮಾನದ ಕೊನೆಯ ವರ್ಷಗಳನ್ನು ಹೇಲಿಯವರ ಜಾಡು ಹಿಡಿಯುವುದಕ್ಕೇ ಮೀಸಲಿಟ್ಟರು. ಆ ಕರಕರದ ಹಿಂದಿನಿಂದ ಕಮಾನು ಕೇಳಿಸುತ್ತದೆ. ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿದಷ್ಟು ಹಗುರ. ಕಳೆದುಹೋದ ಪ್ಲೇಟುಗಳಲ್ಲಿ ಏನಿತ್ತೆಂದು ಯೋಚಿಸದೆ ಅದನ್ನು ಕೇಳಲಾಗುವುದಿಲ್ಲ.

ಇನ್ನು ಎಲ್ಲವೂ ಶೋಕದ ಕಥೆಯಲ್ಲ. ಉತ್ತರ ಕ್ಯಾರೊಲಿನಾದ ಟೋಸ್ಟ್ ಎಂಬ ಸಣ್ಣ ಊರಿನ ಟಾಮಿ ಜ್ಯಾರೆಲ್ ಜೀವನವಿಡೀ ರಸ್ತೆ ಸಮಮಾಡುವ ಯಂತ್ರ ಓಡಿಸಿದವರು. ನಿವೃತ್ತರಾದರು; ಅದರ ಬೆನ್ನಿಗೇ ಹೆಂಡತಿಯೂ ತೀರಿಕೊಂಡರು. ಬರಿದಾದ ಆ ಮನೆಗೆ ನಗರಗಳ ತರುಣರು ಪಿಟೀಲು ಹಿಡಿದು ಬರತೊಡಗಿದರು. ಜ್ಯಾರೆಲ್ ಬಾಗಿಲು ಹಾಕಲಿಲ್ಲ. ಉಣ್ಣಿಸಿದರು, ಮಲಗಲು ಜಾಗ ಕೊಟ್ಟರು, ಬೆಳಗಿನವರೆಗೆ ನುಡಿಸಿ ತೋರಿಸಿದರು. ತಂದೆ ಬೆನ್ ಅವರಿಂದ ಬಂದ ಮಟ್ಟು ಯಾವುದು, ಅಂತರ್ಯುದ್ಧದಲ್ಲಿ ಕಾದಿದ್ದ ಮುದುಕರಿಂದ ತಾವು ಬಾಲ್ಯದಲ್ಲಿ ಕಲಿತದ್ದು ಯಾವುದು ಎಂದು ಬಿಡಿಸಿ ಹೇಳುತ್ತಿದ್ದರು. 1982ರಲ್ಲಿ ಅಮೆರಿಕ ಸರಕಾರ ಪರಂಪರೆಯ ಕಲಾವಿದರಿಗೆ ಮೊತ್ತಮೊದಲು ರಾಷ್ಟ್ರೀಯ ಗೌರವ ನೀಡಿದಾಗ ಆ ಪಟ್ಟಿಯಲ್ಲಿ ಅವರೂ ಇದ್ದರು. ಅವರ ಪಿಟೀಲು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ಪಿಟೀಲಿಗಿಂತ ಆ ಅಡುಗೆಮನೆಯ ಮೇಜಿನ ಬಳಿ ಕಲಿತ ನೂರಾರು ಕೈಗಳು ನಮಗೆ ಹೆಚ್ಚಿನವೆಂದು ತೋರುತ್ತದೆ.

ಅಧ್ಯಾಪಕ ಮಿತ್ರರು ಇನ್ನೊಂದು ಊರನ್ನು ನೆನಪಿಡಬೇಕು: ಅದೇ ರಾಜ್ಯದ ಸ್ಪಾರ್ಟಾ. ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಲಹೆಗಾರ್ತಿಯಾಗಿದ್ದ ಹೆಲೆನ್ ವೈಟ್ ಸ್ವತಃ ಪಿಟೀಲು ನುಡಿಸುತ್ತಿದ್ದವರು. ಊರಿನ ಮುದುಕರಿಗೆ ಬರುವ ಸಂಗೀತ ಅದೇ ಊರಿನ ಮಕ್ಕಳಿಗೆ ಬರುವುದಿಲ್ಲವೆಂಬುದು ಅವರಿಗೆ ಕಂಡಿತು. 2000ದಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂರಿಸಿ ಪಿಟೀಲು, ಬ್ಯಾಂಜೋ, ಗಿಟಾರ್ ಕಲಿಸುವ ಏರ್ಪಾಡು ಮಾಡಿದರು. ಕಲಿಸುವುದು ಪುಸ್ತಕದಿಂದಲ್ಲ, ಕಿವಿಯಿಂದ. ಆ ತರಗತಿ ಇಂದು ಬೇರೆ ರಾಜ್ಯಗಳ ಬೆಟ್ಟದೂರುಗಳಿಗೂ ಹಬ್ಬಿದೆ. ದೊಡ್ಡ ಗ್ರಂಥಾಲಯ ಮಾಡಲಾಗದ್ದನ್ನು ಒಂದು ಶಾಲೆಯ ಖಾಲಿ ಕೋಣೆ ಮಾಡಿತೆಂದು ಓದಿದಾಗ, ಒಪ್ಪಿಕೊಳ್ಳುತ್ತೇವೆ, ನಮಗೆ ಹೆಮ್ಮೆಗಿಂತ ನಾಚಿಕೆ ಹೆಚ್ಚಾಯಿತು. ಆ ನಾಚಿಕೆಯ ಕಾರಣವನ್ನು ಹೇಳದೆ ಈ ಮಾತು ಮುಗಿಸುವಂತಿಲ್ಲ.

ನಮ್ಮ ಶಾಲೆಯಲ್ಲಿಯೂ ಒಬ್ಬ ಪಿಟೀಲು ಮಾಸ್ತರರಿದ್ದರು. ಸ್ಮರಣ ಸಂಪುಟದ ಅಧ್ಯಾಪಕರ ಪಟ್ಟಿಯಲ್ಲಿ ಅವರ ಹೆಸರು, ಸೇವಾವಧಿ, ಮುಂದೆ 'ಸಂಗೀತ' ಎಂಬ ಒಂದು ಪದ ಇರುತ್ತದೆ. ಬೆಳಗಿನ ಪ್ರಾರ್ಥನೆಗೆ ಅವರು ಎರಡು ಮಟ್ಟು ಕಟ್ಟಿದ್ದರು. ವಾರದ ದಿನಗಳದು ಇಂದಿಗೂ ಮಕ್ಕಳ ಬಾಯಲ್ಲಿದೆ. ಶುಕ್ರವಾರದ್ದು ಬೇರೆ ಇತ್ತು, ಸ್ವಲ್ಪ ವಿಳಂಬದ್ದು. ಅವರ ಬೀಳ್ಕೊಡುಗೆಯ ದಿನ ಎರಡನ್ನೂ, ಜೊತೆಗೆ ಇನ್ನೂ ಹಲವನ್ನು ಅವರು ಪಿಟೀಲಿನಲ್ಲಿ ನುಡಿಸಿದರು. ಶಾಲೆಯ ಟೇಪ್ ರೆಕಾರ್ಡರಿನಲ್ಲಿ ಅರುವತ್ತು ನಿಮಿಷದ ಒಂದು ಕ್ಯಾಸೆಟ್ ತುಂಬ ಮುದ್ರಣವಾಯಿತು. ಆಗ ನಾವು ಇಲ್ಲಿಗೆ ಹೊಸದಾಗಿ ಸೇರಿದ್ದೆವು. ಮರುವರ್ಷ ವಾರ್ಷಿಕೋತ್ಸವದ ನೃತ್ಯಕ್ಕೆ ಹಾಡು ಮುದ್ರಿಸಿಕೊಳ್ಳಲು ಕ್ಯಾಸೆಟ್ ಬೇಕಾಯಿತು. ಪೇಟೆಗೆ ಹೋಗಲು ಹೊತ್ತಿರಲಿಲ್ಲ. ಕಪಾಟಿನಲ್ಲಿದ್ದ ಒಂದನ್ನು ತೆಗೆದೆವು. ಮೇಲೆ ಹೆಸರು ಬರೆದಿರಲಿಲ್ಲ, ಕೇಳಿ ನೋಡುವ ತಾಳ್ಮೆ ಇರಲಿಲ್ಲ. ಮಕ್ಕಳು ಚೆನ್ನಾಗಿ ಕುಣಿದರು, ಬಹುಮಾನವೂ ಬಂದಿತು. ಏನಾಯಿತೆಂದು ತಿಳಿದದ್ದು ಮಾಸ್ತರರು ತೀರಿಕೊಂಡ ಮೇಲೆ, ಅವರ ಮನೆಯವರು ಬಂದು ಆ ಕ್ಯಾಸೆಟ್ ಕೇಳಿದ ದಿನ. ಅವರು ಒಂದೂ ಮಾತಾಡದೆ ಚಹಾ ಕುಡಿದು ಹೋದರು.

ಈ ವರ್ಷ ಶತಮಾನೋತ್ಸವದ ನೆಪದಲ್ಲಿ ಹಳೆ ವಿದ್ಯಾರ್ಥಿಗಳನ್ನು ವಿಚಾರಿಸತೊಡಗಿದ್ದೇವೆ. ಶುಕ್ರವಾರದ ಮಟ್ಟಿನ ಮೊದಲರ್ಧವನ್ನು ಮೂವರು ಹಾಡಿ ತೋರಿಸಿದ್ದಾರೆ. ಒಬ್ಬರದು ಇನ್ನೊಬ್ಬರದಕ್ಕೆ ಪೂರ್ತಿ ಹೊಂದುವುದಿಲ್ಲ. ಮೂರನ್ನೂ ಹಾಗೆಯೇ ಇಟ್ಟುಕೊಂಡಿದ್ದೇವೆ. ಸರಿಯಾದದ್ದು ಯಾವುದೆಂದು ತೀರ್ಮಾನಿಸುವ ಅವಸರವಿಲ್ಲ. ಎರಡನೆಯ ಚರಣದಿಂದ ಮುಂದೆ ಯಾರಿಗೂ ಜ್ಞಾಪಕವಿಲ್ಲ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಪಿಟೀಲು ಕಲಿಯುತ್ತಿದ್ದಾರೆ. ದೊರೆತಷ್ಟನ್ನು ಅವರು ಕಿವಿಯಿಂದಲೇ ಕಲಿತಿದ್ದಾರೆ.

ಊಟದ ಗಂಟೆಯಾಗಲು ಇನ್ನು ಸ್ವಲ್ಪ ಹೊತ್ತಿದೆ. ಸಂಗೀತದ ಕೋಣೆಯ ಬಾಗಿಲು ತೆರೆದಿದೆ. ಆ ಇಬ್ಬರು ಹುಡುಗಿಯರು ಅಲ್ಲಿ ಕಾಯುತ್ತಿದ್ದಾರೆ, ಮುದ್ರಿಸಿಕೊಳ್ಳಲು ಫೋನೂ ಅವರ ಬಳಿ ಇದೆ. ಮಾಸ್ತರರ ಕಾಲದಲ್ಲಿ ಇಲ್ಲಿ ಓದಿದವರು ದಯವಿಟ್ಟು ಒಮ್ಮೆ ಅಲ್ಲಿಗೆ ಬರಬೇಕು. ಮೊದಲು ತಮ್ಮ ಹೆಸರು, ಓದಿದ ವರ್ಷ, ಆ ಮಟ್ಟನ್ನು ಯಾರ ಪಕ್ಕದಲ್ಲಿ ನಿಂತು ಕಲಿತದ್ದೆಂಬುದನ್ನು ಹೇಳಿ ಆಮೇಲೆ ಹಾಡಬೇಕು. ಸಾಹಿತ್ಯ ಮರೆತಿದ್ದರೆ ಚಿಂತೆಯಿಲ್ಲ, ಗುನುಗಿದರೂ ಸಾಕು.